ಪದ ಪರಿಚಯ: ದಮ್ಮು

ಪಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಕನ್ನಡದಲ್ಲಿ ಬೀಡಿಯ ಎಳೆತವೂ ದಮ್ಮು, ತಾಕತ್ತೂ ದಮ್ಮು, ಏದುಸಿರಿನ ಕಾಯಿಲೆಯೂ ದಮ್ಮು. ಕರಾವಳಿಯವರು ಅಂಗಲಾಚುವ ‘ದಮ್ಮಯ್ಯ’ ಮಾತ್ರ ಬೇರೆ. ಅದು ಧರ್ಮದಿಂದ ಬಂದದ್ದು.

ನಾರಾವಿಯಂಥ ಘಟ್ಟದ ತಪ್ಪಲಿನ ಊರಲ್ಲಿ ಆಟಿ ತಿಂಗಳ ಮಳೆಗೆ ಮಗುವಿನ ಎದೆ ಕಟ್ಟಿದರೆ ‘ದಮ್ಮು’ ಎಂದು ಸುಮ್ಮನಾಗುವುದುಂಟು. ಈ ಒಂದು ಮಾತಿನಡಿ ನ್ಯುಮೋನಿಯಾವೂ ಅಡಗಿರಬಹುದು. ಮಗು ಅಳದೆ ಇದ್ದಾಗ ಅಂಗಿ ಸರಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, 5 ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ, ವೈದ್ಯರಿಗೆ ತೋರಿಸಲೇಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಸೆಳೆದುಕೊಂಡರೆ ಅಥವಾ ಮಗುವಿಗೆ ಹಾಲು ಕುಡಿಯಲಾಗದಿದ್ದರೆ ಕಷಾಯ ಕುದಿಸುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.