ಸಾವನದುರ್ಗ, 1791: ದಾರಿಗಾಗಿ ನಡೆದ ಕಾಳಗ

1781ರ ಅಕ್ಟೋಬರಿನಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಆಂಗ್ಲ ಸೇನಾಪತಿ ಕಾರ್ನ್‌ವಾಲಿಸ್, ಹತ್ತು ವರ್ಷ ಕಳೆದ ಮೇಲೆ ಮಾಗಡಿ ಸೀಮೆಯ ಬಿದಿರು ಮೆಳೆಗಳ ಎದುರು ನಿಂತಿದ್ದ. ಯಾರ್ಕ್‌ಟೌನಿನಲ್ಲಿ ಫ್ರೆಂಚ್ ನೌಕಾಪಡೆ ಕಡಲದಾರಿ ಕಟ್ಟಿತ್ತು. ಮೈಸೂರಿನಲ್ಲಿಯೂ ಅವನ ತಲೆನೋವು ದಾರಿಯದೇ. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪಾತ್ರವನ್ನು ಈ ದಿಕ್ಕಿನಿಂದ ನೋಡುವುದು ಸರಿ ಎಂದು ನನ್ನ ಅಭಿಪ್ರಾಯ. ಈ ಯುದ್ಧವನ್ನು ಸ್ವಾತಂತ್ರ್ಯ ಸಮರ ಎನ್ನುವವರಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಒಡ್ಡಿದ ಪ್ರತಿರೋಧ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದು ಒಂದು ರಾಜ್ಯವನ್ನು ಉಳಿಸಿಕೊಳ್ಳುವ ಯುದ್ಧವಾಗಿತ್ತು.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟಾಗ ಚನ್ನಪಟ್ಟಣದ ನೇರ ದಾರಿ ಹಿಡಿಯಲಿಲ್ಲ. ಆ ದಾರಿಗೆ ರಾಮಗಿರಿ, ಶಿವನಗಿರಿ ದುರ್ಗಗಳ ಕಾವಲಿತ್ತು, ಸುತ್ತಲಿನ ಊರುಗಳನ್ನು ಮೈಸೂರಿನ ದೊರೆ ಟಿಪ್ಪು ಸುಲ್ತಾನ್ ಬರಿದುಮಾಡಿಸಿದ್ದ. ಹಾಗಾಗಿ ಅವನು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಸುತ್ತುದಾರಿಯಲ್ಲಿ ನಡೆದ. ಮೇ 15ರ ಅರಕೆರೆ ಕಾಳಗ ಗೆದ್ದರೂ ಪ್ರಯೋಜನವಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯಲಾಗದ ಭಾರಿ ಫಿರಂಗಿಗಳನ್ನು ಕೆಡಿಸಿ ಸೈನ್ಯ ಹಿಂದೆಗೆಯಿತು. ಟಿಪ್ಪುವಿನ ತಂತ್ರ ಫಲಿಸಿತ್ತು. ಅದರ ಬೆಲೆ ತೆತ್ತವರು ರೈತರು ಎಂಬುದನ್ನೂ ಬರೆದಿಡಬೇಕು. ಕಂಪನಿ ಪಡೆಗೆ ಒದಗಬಾರದೆಂದು ಕಾನಕಾನಹಳ್ಳಿಯನ್ನು ಎರಡು ಬಾರಿ ಹಾಳುಗೆಡವಲಾಯಿತು.

ಮುಂದಿನ ದಂಡಯಾತ್ರೆಗೆ ಮೊದಲು ದಾರಿಯ ದುರ್ಗಗಳನ್ನು ಹಿಡಿಯಲೇಬೇಕಾಯಿತು. ಅವುಗಳಲ್ಲಿ ದೊಡ್ಡದು ಸಾವನದುರ್ಗ: ಸಮುದ್ರಮಟ್ಟದಿಂದ ಸುಮಾರು 1,226 ಮೀಟರ್ ಎತ್ತರದ ಬೋಳು ಬಂಡೆ, ಮೇಲೆ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರ, ನಡುವೆ ಕಂದರ, ಬುಡದ ಸುತ್ತ ದಟ್ಟ ಕಾಡು. ಕಾಡುಜ್ವರವೇ ಅರ್ಧ ಸೈನ್ಯವನ್ನು ಮುಗಿಸುತ್ತದೆಂದು ಟಿಪ್ಪು ನಂಬಿದ್ದನೆಂದು ಆಂಗ್ಲ ಲೇಖಕರು ಹೇಳುತ್ತಾರೆ. ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟ್ ದುರ್ಗದ ಹತ್ತಿರ ಬೀಡುಬಿಟ್ಟ. ನಿಜವಾದ ಕೆಲಸ ನಡೆದದ್ದು ಆಗ: ಮೆಳೆ ಕಡಿದು, ಬಂಡೆಗಳ ಮೇಲೆ ದಾರಿ ಬಿಡಿಸಿ, ಫಿರಂಗಿಗಳನ್ನು ಆನೆಗಳ ಬಲದಿಂದ ಮೇಲಕ್ಕೆ ಸಾಗಿಸಿದರು. 17ರಂದು ಗುಂಡಿನ ದಾಳಿ ಶುರುವಾಯಿತು. 21ರಂದು ಗೋಡೆ ಬಿರಿದ ಕಡೆ ನುಗ್ಗಿದ ಪಡೆ, ಓಡುತ್ತಿದ್ದ ಕಾವಲುಗಾರರ ಬೆನ್ನಿಗೇ ಮೇಲೇರಿತು. ಬಾಗಿಲು ಮುಚ್ಚಿಕೊಳ್ಳಲು ಅವರಿಗೆ ಸಮಯವೇ ಸಿಗಲಿಲ್ಲ. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು.

ತಮ್ಮ ಕಡೆ ನಷ್ಟವೇ ಇಲ್ಲವೆಂಬಂತೆ ಬರೆಯುವ ಕಂಪನಿಯ ವರದಿಗಳನ್ನು ಎಚ್ಚರದಿಂದ ಓದಬೇಕು. ಯುದ್ಧಭೂಮಿಯಲ್ಲೇ ಇದ್ದ ಅಲೆಕ್ಸಾಂಡರ್ ಡಿರಾಮನ 1793ರ ವೃತ್ತಾಂತವಾಗಲಿ, ರಾಬರ್ಟ್ ಹೋಮ್‌ನ 1794ರ ಚಿತ್ರಸಂಪುಟವಾಗಲಿ ಗೆದ್ದವರ ಓದುಗರಿಗೆಂದೇ ಸಿದ್ಧವಾದವು. ಆದರೆ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳು ಕೈತಪ್ಪಿದ್ದು ನಿರ್ವಿವಾದ. ದಾರಿ ತೆರೆಯಿತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿಯಾಯಿತು. ಮಾರ್ಚ್ ಒಪ್ಪಂದದಲ್ಲಿ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಯೂ ಹೋದವು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾದರು.

1799ರ ಮುಂದಿನ ಯುದ್ಧದಲ್ಲಿ ಆಂಗ್ಲರ ಜನರಲ್ ಹ್ಯಾರಿಸ್ ಮತ್ತೆ ಕಾನಕಾನಹಳ್ಳಿಯ ಮೇಲೆಯೇ ಬಂದು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಾಡಿದ. ಮೇ 4ರಂದು ಟಿಪ್ಪು ಮಡಿದ. ಮರುವರ್ಷ ದಿವಾನ್ ಪೂರ್ಣಯ್ಯ ಕಾಡಿನ ನಡುವಿನ ಹೆದ್ದಾರಿಯ ಭದ್ರತೆಗಾಗಿ ರಾಮಗಿರಿಯ ಸಮೀಪ ಒಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ. ಆ ಕ್ಲೋಸ್‌ಪೇಟೆಯೇ ಈಗಿನ ರಾಮನಗರ.