ಹೆಚ್ಚು ಗದ್ದಲ ಮಾಡಿದವರ ವಿರುದ್ಧ ತೀರ್ಪು

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ರೇಬರ್ನ್ ಪ್ಲೇಸ್ ಮೈದಾನದಲ್ಲಿ 1871ರ ಮಾರ್ಚ್ 27ರಂದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಎದುರುಬದುರಾದವು. ಅದು ಪ್ರಪಂಚದ ಮೊಟ್ಟಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ. ಒಂದೊಂದು ಕಡೆಗೆ 20 ಮಂದಿ ಆಟಗಾರರು, ಸುತ್ತ ಸುಮಾರು 4,000 ಪ್ರೇಕ್ಷಕರು. ಸ್ಕಾಟ್ಲೆಂಡಿನವರು ಒಟ್ಟಾಗಿ ನೂಕಿಕೊಂಡು ಹೋಗಿ, ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. ಅದು ಸಲ್ಲದೆಂದು ಇಂಗ್ಲೆಂಡಿನವರು ಕೂಗಾಡಿದರು. ಅಂಪೈರ್ ಆಗಿದ್ದ ಎಚ್.ಎಚ್. ಆಲ್ಮಂಡ್ ವೃತ್ತಿಯಿಂದ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಅವರು ಸ್ಕಾಟ್ಲೆಂಡಿನ ಪರ ತೀರ್ಪಿತ್ತರು, ಸ್ಕಾಟ್ಲೆಂಡ್ ಗೆದ್ದಿತು.

ಎಷ್ಟೋ ವರ್ಷಗಳ ನಂತರ ಆಲ್ಮಂಡ್ ಒಂದು ತಪ್ಪೊಪ್ಪಿಗೆಯಂಥ ಮಾತು ಬರೆದರು. ಆ ತೀರ್ಪು ಸರಿಯೋ ತಪ್ಪೋ ತಮಗೆ ಇನ್ನೂ ತಿಳಿಯದು ಎಂದರು. ಜೊತೆಗೆ, ಅಂಪೈರಿಗೆ ಸಂದೇಹ ಬಂದಾಗ ಹೆಚ್ಚು ಗದ್ದಲ ಮಾಡುವ ಪಕ್ಷದ ವಿರುದ್ಧ ತೀರ್ಪು ಕೊಡುವುದೇ ನ್ಯಾಯ, ಬಹುಮಟ್ಟಿಗೆ ತಪ್ಪು ಅವರದೇ ಆಗಿರುತ್ತದೆ ಎಂದೂ ಸೇರಿಸಿದರು. ನಗು ಬರಿಸುವ ಮಾತು. ಆದರೆ ಅಂದಿನಿಂದ ಇಂದಿನವರೆಗೆ ಈ ಆಟದಲ್ಲಿ ನಡೆದಿರುವ ಮುಖ್ಯ ಜಗಳ ಇದರಲ್ಲೇ ಅಡಗಿದೆ. ಕಣ್ಣಿಗೆ ಖಚಿತವಾಗಿ ಕಾಣದ್ದನ್ನು ಯಾರೋ ಒಬ್ಬರು ತೀರ್ಮಾನಿಸಲೇಬೇಕು. ಗದ್ದಲ ಮಾಡುವವರು ಅದನ್ನು ಒಪ್ಪುತ್ತಾರೆಯೇ?

ನಮ್ಮಲ್ಲಿ ರಗ್ಬಿ ಅಷ್ಟು ಪರಿಚಿತವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಅದು 'ಟ್ರೈ'. ಮೊದಮೊದಲು ಟ್ರೈಗೆ ತನ್ನದೇ ಬೆಲೆಯಿರಲಿಲ್ಲ. ಗೋಲಿನತ್ತ ಒದೆಯಲು ಒಂದು 'ಪ್ರಯತ್ನ' ಸಿಗುತ್ತಿತ್ತು, ಅಷ್ಟೆ. ಹೆಸರು ಬಂದದ್ದೂ ಹಾಗೆಯೇ. ಹತ್ತಾರು ದೇಹಗಳ ರಾಶಿಯಡಿ ಚೆಂಡು ಎಲ್ಲಿದೆ, ಗೆರೆಯ ಈಚೆಗೋ ಆಚೆಗೋ ಎಂದು ಹೇಳುವುದು ಇಂದಿಗೂ ಸುಲಭವಲ್ಲ.

ರೂಪಾಯಿ ಕರಗಿಸಿದ ಬಟ್ಟಲು

ಈ ಕಥೆಯ ಒಂದು ಎಳೆ ನಮ್ಮ ದೇಶದಿಂದಲೇ ಹೊರಡುತ್ತದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಪಂದ್ಯ ಆಡಿದರು. ಮರುವರ್ಷ ಕಲ್ಕತ್ತ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಬಂಗಾಳದ ಸೆಕೆಗೆ ಈ ಆಟ ಒಗ್ಗಲಿಲ್ಲ; ಸದಸ್ಯರು ಪೋಲೋ, ಟೆನಿಸ್‌ಗಳ ಕಡೆ ವಾಲಿದರು. 1878ರಲ್ಲಿ ಕ್ಲಬ್ಬನ್ನು ಮುಚ್ಚಿ, ಖಾತೆಯಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಬಟ್ಟಲೊಂದನ್ನು ಮಾಡಿಸಿದರು. ಅದಕ್ಕೆ ಮೂರು ನಾಗರಹಾವುಗಳೇ ಹಿಡಿಕೆ. ಮುಚ್ಚಳದ ಮೇಲೊಂದು ಆನೆ. ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕಾಣಿಕೆಯಾಗಿ ಹೋದ ಈ 'ಕಲ್ಕತ್ತ ಕಪ್'ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿವೆ.

1884ರ ಮಾರ್ಚ್ 1ರಂದು ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ನಡೆದ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಆಟಗಾರನೊಬ್ಬ ಚೆಂಡನ್ನು ಕೈಯಿಂದ ಹಿಂದಕ್ಕೆ ಹೊಡೆದ. ಅದು ಇಂಗ್ಲೆಂಡಿನ ರಿಚರ್ಡ್ ಕಿಂಡರ್ಸ್ಲಿಗೆ ಸಿಕ್ಕಿತು. ಆತ ಗೆರೆ ದಾಟಿದ. ಸ್ಕಾಟ್ಲೆಂಡಿನವರ ತಕರಾರು ವಿಚಿತ್ರವಾಗಿತ್ತು. ನಮ್ಮವನು ಮಾಡಿದ್ದು ತಪ್ಪು, ಆದ್ದರಿಂದ ಆಟ ಅಲ್ಲಿಗೇ ನಿಲ್ಲಬೇಕಿತ್ತು ಎಂದರು. ತಪ್ಪು ಮಾಡಿದವರೇ ಅದರ ಲಾಭ ಪಡೆಯುವುದೆಂತು ಎಂದು ಇಂಗ್ಲೆಂಡಿನವರು ಕೇಳಿದರು. ರೆಫರಿಯಾಗಿದ್ದ ಐರ್ಲೆಂಡಿನ ಜಾರ್ಜ್ ಸ್ಕ್ರಿವನ್ ಟ್ರೈ ಸಲ್ಲುತ್ತದೆಂದರು. ಅದೇ ಪಂದ್ಯವನ್ನು ನಿರ್ಧರಿಸಿತು.

ಜಗಳ ಮೈದಾನದಲ್ಲಿ ಮುಗಿಯಲಿಲ್ಲ. 1885ರಲ್ಲಿ ಎರಡು ದೇಶಗಳೂ ಪರಸ್ಪರ ಆಡಲೇ ಇಲ್ಲ. ನಿಯಮದ ಕೊನೆಯ ಮಾತು ಇಂಗ್ಲೆಂಡಿನದೇ ಏಕಾಗಬೇಕೆಂದು ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸೇರಿ 1886ರಲ್ಲಿ ಅಂತರರಾಷ್ಟ್ರೀಯ ಮಂಡಳಿಯೊಂದನ್ನು ಕಟ್ಟಿದವು. ಇಂಗ್ಲೆಂಡ್ ದೂರವುಳಿಯಿತು. 1888 ಮತ್ತು 1889ರಲ್ಲಿ ಉಳಿದ ಮೂವರೂ ಅದರೊಡನೆ ಆಡಲಿಲ್ಲ. ಮಧ್ಯಸ್ಥಿಕೆ ನಡೆದು 1890ರಲ್ಲಿ ಇಂಗ್ಲೆಂಡ್ ಮಂಡಳಿ ಸೇರಿತು. 'ವರ್ಲ್ಡ್ ರಗ್ಬಿ' ಎಂಬ ಹೆಸರಿನಲ್ಲಿ ಇಂದು ಈ ಆಟವನ್ನು ಆಳುತ್ತಿರುವುದು ಅದೇ ಮಂಡಳಿ. ಒಂದು ತೀರ್ಪಿನ ಜಗಳದಿಂದ ಒಂದು ಜಾಗತಿಕ ಸಂಸ್ಥೆಯೇ ಹುಟ್ಟಿತೆಂಬುದು ಸೋಜಿಗ.

ಮೈದಾನದಿಂದ ಅಟ್ಟಣಿಗೆಗೆ

ಆವರೆಗೆ ಗದ್ದಲ ಮಾಡಿದವರು ಮುಖ್ಯವಾಗಿ ಆಟಗಾರರು ಮತ್ತು ಪದಾಧಿಕಾರಿಗಳು. ಪ್ರೇಕ್ಷಕರ ಸಂಖ್ಯೆ ಬೆಳೆದಂತೆ ಅವರೂ ಪಂದ್ಯದ ಒಂದು ಪಕ್ಷವಾದರು. 1905ರ ಡಿಸೆಂಬರ್ 16ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡ್ ಆಟಗಾರರು ತಮ್ಮ ಮಾವೊರಿ 'ಹಾಕಾ' ಕುಣಿತ ಮುಗಿಸಿದಾಗ, ವೇಲ್ಸ್‌ನ ಟೆಡ್ಡಿ ಮೋರ್ಗನ್ ತಮ್ಮ ನಾಡಗೀತೆಯನ್ನು ಎತ್ತಿಕೊಂಡರು. ಇಡೀ ಕ್ರೀಡಾಂಗಣ ದನಿಗೂಡಿಸಿತು. ಅಂತರರಾಷ್ಟ್ರೀಯ ಪಂದ್ಯಕ್ಕೆ ಮುನ್ನ ನಾಡಗೀತೆ ಹಾಡುವ ಪದ್ಧತಿಗೆ ಅದೇ ಮೊದಲೆನ್ನುತ್ತಾರೆ.

ಮೋರ್ಗನ್ ಗಳಿಸಿದ ಏಕೈಕ ಟ್ರೈನಿಂದ ವೇಲ್ಸ್ 3-0 ಅಂತರದಲ್ಲಿ ಗೆದ್ದಿತು. ಆದರೆ ನ್ಯೂಜಿಲೆಂಡಿನ ಬಾಬ್ ಡೀನ್ಸ್ ತಾನು ಗೆರೆ ದಾಟಿ ಚೆಂಡು ಊರಿದ್ದೆ, ತನ್ನನ್ನು ಹಿಂದಕ್ಕೆಳೆದರು ಎಂದರು. ರೆಫರಿ ಜಾನ್ ಡಲ್ಲಾಸ್ ಚೆಂಡು ಗೆರೆಯ ಈಚೆಗೇ ಇತ್ತೆಂದರು. ಡಲ್ಲಾಸ್ ಸಾಮಾನ್ಯ ಉಡುಪಿನಲ್ಲಿದ್ದರು, ಓಟದಲ್ಲಿ ಹಿಂದೆ ಬಿದ್ದಿದ್ದರು ಎಂಬುದು ನ್ಯೂಜಿಲೆಂಡಿನವರ ದೂರು. ಡೀನ್ಸ್ ತಮ್ಮ ಮಾತನ್ನು ತಂತಿಯ ಮೂಲಕ ಇಂಗ್ಲೆಂಡಿನ ಪತ್ರಿಕೆಗೂ ಕಳಿಸಿದರು. 1908ರಲ್ಲಿ, 24ರ ವಯಸ್ಸಿಗೇ ತೀರಿಕೊಂಡರು. ಎರಡೂ ದೇಶಗಳಲ್ಲಿ ಆ ವಾದ ತಲೆಮಾರುಗಳನ್ನು ದಾಟಿ ಉಳಿದಿದೆ. ಆದರೂ ಅಂದು ಯಾರೂ ಡಲ್ಲಾಸರ ಮೈಮುಟ್ಟಲಿಲ್ಲ.

ಎಲ್ಲ ಕಡೆಯೂ ಹೀಗೆ ನಡೆಯಲಿಲ್ಲ. 1913ರ ಜನವರಿ 1ರಂದು ಪ್ಯಾರಿಸ್‌ನಲ್ಲಿ ಸ್ಕಾಟ್ಲೆಂಡ್ 21-3ರಿಂದ ಫ್ರಾನ್ಸನ್ನು ಸೋಲಿಸಿತು. ತಮ್ಮವರನ್ನೇ ಮತ್ತೆ ಮತ್ತೆ ದಂಡಿಸಿದರೆಂದು ಸಿಟ್ಟಿಗೆದ್ದ ಜನ ಇಂಗ್ಲೆಂಡಿನ ರೆಫರಿ ಜಾನ್ ಬ್ಯಾಕ್ಸ್‌ಟರ್ ಅವರ ಮೇಲೆ ನುಗ್ಗಿದರು. ಅವರನ್ನು ಕಾವಲಿನಲ್ಲಿ ಹೊರಗೆ ಸಾಗಿಸಬೇಕಾಯಿತು. ಸ್ಕಾಟ್ಲೆಂಡ್ 1914ರಲ್ಲಿ ಫ್ರಾನ್ಸಿನೊಡನೆ ಆಡಲು ನಿರಾಕರಿಸಿತು. ಗೆದ್ದ ತಂಡವೇ ಸೋತವರ ಪ್ರೇಕ್ಷಕರ ವರ್ತನೆಗಾಗಿ ಪಂದ್ಯ ಬಿಟ್ಟಿತೆಂಬುದನ್ನು ಗಮನಿಸಬೇಕು. ರೆಫರಿಗೆ ರಕ್ಷಣೆಯಿಲ್ಲದ ಕಡೆ ಪಂದ್ಯವೇ ಇಲ್ಲ ಎಂಬುದು ಅದರ ನಿಲುವಾಗಿತ್ತು.

ರಗ್ಬಿಯಲ್ಲಿ ರೆಫರಿಗೆ ಎದುರಾಡುವುದಿಲ್ಲ, ಅಭಿಮಾನಿಗಳು ಸಭ್ಯರು ಎಂಬ ಹೆಗ್ಗಳಿಕೆ ಉಂಟು. ಅದರಲ್ಲಿ ಸತ್ಯವೂ ಇದೆ. ಐರ್ಲೆಂಡಿನ ಲಿಮರಿಕ್ ನಗರದ ಥಾಮಂಡ್ ಪಾರ್ಕಿನಲ್ಲಿ ಎದುರಾಳಿ ಗೋಲಿಗೆ ಒದೆಯಲು ನಿಂತಾಗಲೂ ಸಾವಿರಾರು ಜನ ಉಸಿರು ಬಿಗಿಹಿಡಿದು ಸುಮ್ಮನಿರುತ್ತಾರೆ. ಆದರೆ ಈ ಸಭ್ಯತೆ ಹುಟ್ಟಿನಿಂದ ಬಂದದ್ದಲ್ಲ, ಕಟ್ಟಿಕೊಂಡದ್ದು, ಕಟ್ಟಿಕೊಂಡದ್ದು ಮುರಿಯಲೂಬಹುದು. 2002ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯ ನಡೆಯುತ್ತಿದ್ದಾಗಲೇ ಪ್ರೇಕ್ಷಕನೊಬ್ಬ ಒಳನುಗ್ಗಿ ಐರಿಷ್ ರೆಫರಿ ಡೇವಿಡ್ ಮೆಕ್‌ಹ್ಯೂ ಅವರನ್ನು ಕೆಡವಿದ. ಭುಜ ಕೀಲು ತಪ್ಪಿ ಅವರು ಹೊರನಡೆಯಬೇಕಾಯಿತು. ಆತನನ್ನು ಹಿಡಿದೆಳೆದವರಲ್ಲಿ ಎರಡೂ ತಂಡಗಳ ಆಟಗಾರರಿದ್ದರು.

ತೆರೆಯ ಮೇಲಿನ ಸತ್ಯ

ಕ್ಯಾಮೆರಾ ಬಂದರೆ ಜಗಳ ತೀರುತ್ತದೆಂದು ಹಲವರು ನಂಬಿದ್ದರು. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ 20-18ರಿಂದ ನ್ಯೂಜಿಲೆಂಡನ್ನು ಸೋಲಿಸಿತು. ಫ್ರಾನ್ಸಿನ ನಿರ್ಣಾಯಕ ಟ್ರೈಗೆ ಮುನ್ನ ಚೆಂಡನ್ನು ಮುಂದಕ್ಕೆ ಎಸೆದಿದ್ದನ್ನು ಇಂಗ್ಲೆಂಡಿನ ಯುವ ರೆಫರಿ ವೇಯ್ನ್ ಬಾರ್ನ್ಸ್ ಕಾಣಲಿಲ್ಲ. ತೆರೆ ನೋಡಿ ಅದನ್ನು ತಿದ್ದಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಅಭಿಮಾನಿಗಳು ಬಾರ್ನ್ಸ್‌ಗೆ ಕೊಲೆ ಬೆದರಿಕೆ ಹಾಕಿದರು. ಹದಿನಾರು ವರ್ಷಗಳ ನಂತರ, 2023ರ ವಿಶ್ವಕಪ್ ಫೈನಲ್‌ಗೂ ಬಾರ್ನ್ಸ್ ಅವರೇ ರೆಫರಿ. ದಕ್ಷಿಣ ಆಫ್ರಿಕಾ 12-11ರಿಂದ ಗೆದ್ದಿತು. ಸೋತದ್ದು ಮತ್ತೆ ನ್ಯೂಜಿಲೆಂಡ್. ಈ ಸಲ ತೆರೆಯ ಮುಂದೆ ಕುಳಿತ ಸಹಾಯಕ ಅಧಿಕಾರಿ ಆಟದ ಹಲವು ಹಂತಗಳ ಹಿಂದೆ ನಡೆದ ತಪ್ಪನ್ನು ಹೆಕ್ಕಿ ತೋರಿಸಿದ್ದರಿಂದ ನ್ಯೂಜಿಲೆಂಡಿನ ಟ್ರೈ ರದ್ದಾಯಿತು. ಅಷ್ಟು ಹಿಂದಕ್ಕೆ ಹೋಗುವ ಅಧಿಕಾರ ಅವರಿಗೆಲ್ಲಿದೆ ಎಂಬುದು ಹೊಸ ತಕರಾರು. ಮೊದಲ ಸಲ ತೆರೆ ನೋಡಲಿಲ್ಲವೆಂಬ ಸಿಟ್ಟು, ಎರಡನೆಯ ಸಲ ಅತಿಯಾಗಿ ನೋಡಿದರೆಂಬ ಸಿಟ್ಟು.

ಬಾರ್ನ್ಸ್ ಆ ಪಂದ್ಯದ ನಂತರ ನಿವೃತ್ತರಾದರು. ತಮ್ಮ ಕುಟುಂಬಕ್ಕೂ ಬಂದ ಬೆದರಿಕೆಗಳ ಬಗ್ಗೆ ಬಹಿರಂಗವಾಗಿ ಮಾತಾಡಿದರು. ತೆರೆಯ ಮುಂದೆ ಕುಳಿತಿದ್ದ ಟಾಮ್ ಫೋಲಿ ಬೈಗುಳದ ಸುರಿಮಳೆ ತಾಳಲಾರದೆ ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು. 1913ರ ಬ್ಯಾಕ್ಸ್‌ಟರ್ ಅವರಿಗೆ ಅಪಾಯವಿದ್ದದ್ದು ಕ್ರೀಡಾಂಗಣದ ಬಾಗಿಲವರೆಗೆ. ಇಂದಿನ ಗದ್ದಲ ಮೊಬೈಲ್ ಫೋನಿನ ಮೂಲಕ ರೆಫರಿಯ ಮನೆಯೊಳಕ್ಕೇ ಬರುತ್ತದೆ; ಅಲ್ಲಿ ಕಾವಲು ಕೊಡುವ ಪೊಲೀಸರಿಲ್ಲ.

ಅಭಿಮಾನಿಗೆ ವಾದಿಸುವ ಹಕ್ಕಿಲ್ಲವೆಂದಲ್ಲ. ಡೀನ್ಸ್ ಗೆರೆ ದಾಟಿದ್ದರೇ ಎಂಬ ಚರ್ಚೆಯಿಲ್ಲದಿದ್ದರೆ 1905ರ ಆ ಪಂದ್ಯವನ್ನು ಇಷ್ಟು ಜನ ನೆನೆಯುತ್ತಿರಲಿಲ್ಲ. ಆದರೆ ತೀರ್ಪನ್ನು ಟೀಕಿಸುವುದು ಬೇರೆ, ತೀರ್ಪುಗಾರನನ್ನು ಬೇಟೆಯಾಡುವುದು ಬೇರೆ. ತೀರ್ಪನ್ನು ಒಪ್ಪುವುದು ಅದು ಯಾವಾಗಲೂ ಸರಿಯಾಗಿರುತ್ತದೆಂದಲ್ಲ. ಯಾರಾದರೂ ಒಬ್ಬರು ಕೊನೆಯ ಮಾತು ಹೇಳದಿದ್ದರೆ ಆಟ ಮುಂದುವರಿಯದೆಂದು. ತಾನು ತಪ್ಪಿರಬಹುದೆಂದು ಆಲ್ಮಂಡ್ ನಿರ್ಭಯವಾಗಿ ಬರೆಯಬಲ್ಲವರಾಗಿದ್ದರು. ಇಂದಿನ ರೆಫರಿಗೆ ಆ ನಿರ್ಭಯ ಉಳಿದಿಲ್ಲ. ಕ್ಯಾಮೆರಾಗಳು ಎಷ್ಟೇ ಹೆಚ್ಚಿದರೂ ಅದನ್ನು ಮರಳಿ ಕೊಡಬಲ್ಲವರು ಪ್ರೇಕ್ಷಕರು ಮಾತ್ರ.