ಮೊದಲ ಸಂಬಳದ ಶಿಲುಬೆ

ಜೂನ್ 24 ಸಂತ ಯೋಹಾನನ ಹಬ್ಬ. ಫ್ರೆಂಚರ ಬಾಯಲ್ಲಿ ಈ ಯೋಹಾನ ‘ಝಾನ್’ ಆಗುತ್ತಾನೆ. ಹಿಂದೆ ಫ್ರಾನ್ಸಿನ ಅನೇಕ ಹಳ್ಳಿಗಳಲ್ಲಿ ಸಂಬಳದಾಳುಗಳ ವರ್ಷದ ಲೆಕ್ಕ ಚುಕ್ತಾ ಆಗುತ್ತಿದ್ದುದು ಈ ಹಬ್ಬದ ಸುಮಾರಿಗೆ. ಹಾಲು ಕರೆಯುವ, ಪಾತ್ರೆ ತಿಕ್ಕುವ ಹುಡುಗಿ ಮೊದಲ ಸಂಬಳ ಕೈಗೆ ಬಂದಾಗ ಅಕ್ಕಸಾಲಿಗನಲ್ಲಿಗೆ ಹೋಗಿ ಪುಟ್ಟ ಚಿನ್ನದ ಶಿಲುಬೆಯೊಂದನ್ನು ಕೊಳ್ಳುತ್ತಿದ್ದಳು. ಅದಕ್ಕೆ ‘ಝಾನೆಟ್’ ಎಂಬ ಹೆಸರು ಬಂದದ್ದು ಈ ಹಬ್ಬದಿಂದಲೇ ಎಂಬುದು ರೂಢಿಯ ವಿವರಣೆ.

ಝಾನೆಟ್‌ನಲ್ಲಿ ಬೆರಗಾಗುವಂಥ ಕುಸುರಿ ಏನಿಲ್ಲ. ಅನೇಕ ಶಿಲುಬೆಗಳನ್ನು ತೆಳು ತಗಡಿಗೆ ಅಚ್ಚೊತ್ತಿ, ಎರಡು ಹೋಳುಗಳನ್ನು ಬೆಸೆದು, ಒಳಗೆ ಟೊಳ್ಳಾಗಿಯೇ ಬಿಡುತ್ತಿದ್ದರು. ಕಣ್ಣಿಗೆ ದಪ್ಪ, ತಕ್ಕಡಿಗೆ ಹಗುರ. ಚಿನ್ನದ ಸರ ಕೈಗೆಟುಕದವಳಿಗೆ ಕರಿಯ ಮಖಮಲ್ಲಿನ ಪಟ್ಟಿ ಸಾಕಾಗುತ್ತಿತ್ತು. ಶಿಲುಬೆಯ ಮೇಲ್ಗಡೆ ಪಟ್ಟಿಯಲ್ಲಿ ಹೃದಯದಾಕಾರದ ಸಣ್ಣ ಬಿಲ್ಲೆಯೊಂದು ಜಾರುತ್ತಿತ್ತು. ಮುಂದೆ ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಆ ಬಿಲ್ಲೆಯನ್ನೂ ಚಿನ್ನದಲ್ಲೇ ಮಾಡಿಸಬಹುದು.

ಇದನ್ನು ಬರೀ ಭಕ್ತಿಯ ಗುರುತೆಂದರೆ ಅರ್ಧ ಮಾತಾಯಿತು. ಪ್ಯಾರಿಸ್ಸಿನಲ್ಲಿ ಮೊದಲ ಉಳಿತಾಯ ಬ್ಯಾಂಕು ಸ್ಥಾಪನೆಯಾದದ್ದೇ 1818ರಲ್ಲಿ. ಹಳ್ಳಿಗೆ ಅಂಥದು ಬರಲು ಇನ್ನೂ ಕಾಲ ಹಿಡಿಯಿತು. ಅಲ್ಲಿಯವರೆಗೆ ದುಡಿಯುವ ಹೆಣ್ಣಿನ ಆಪದ್ಧನ ಅವಳ ಕೊರಳಲ್ಲೇ ಇತ್ತು. ಕಷ್ಟ ಬಂದರೆ ಅಡವಿಡಬಹುದು, ಒಳ್ಳೆಯ ಕಾಲದಲ್ಲಿ ಮಗಳಿಗೆ ಕೊಡಬಹುದು.

ಊರು ಬದಲಾದಂತೆ ಶಿಲುಬೆಯ ರೂಪವೂ ಬದಲಾಗುತ್ತಿತ್ತು. ಹಾಲು, ಬೆಣ್ಣೆಯಿಂದ ಅನುಕೂಲಸ್ಥವಾಗಿದ್ದ ನಾರ್ಮಂಡಿಯಲ್ಲಿ ರುವಾನ್, ಸೇಂಟ್ ಲೋ ಪಟ್ಟಣಗಳ ಹೆಸರಿನ ದೊಡ್ಡ ಶಿಲುಬೆಗಳು ಬಿಳಿಯ ಹರಳುಗಳಿಂದ ಥಳಥಳಿಸುತ್ತಿದ್ದವು. ವಜ್ರವಲ್ಲ, ಸ್ಫಟಿಕ ಇಲ್ಲವೇ ‘ಸ್ಟ್ರಾಸ್’ ಗಾಜು. 18ನೇ ಶತಮಾನದಲ್ಲಿ ಕೃತಕ ವಜ್ರಗಳಿಂದ ಪ್ಯಾರಿಸ್ಸನ್ನು ಮರುಳು ಮಾಡಿದ ಆಭರಣಕಾರ ಜಾರ್ಜ್ ಫ್ರೆಡರಿಕ್ ಸ್ಟ್ರಾಸ್‌ನ ಹೆಸರು ಹರಳಿಗೇ ಅಂಟಿಕೊಂಡಿತು. ಶಿಲುಬೆಯ ಬದಲಿಗೆ ರೆಕ್ಕೆ ಬಿಚ್ಚಿ ತಲೆ ಕೆಳಗೆ ಮಾಡಿದ ಪಾರಿವಾಳವನ್ನು, ಅಂದರೆ ಪವಿತ್ರಾತ್ಮನ ಸಂಕೇತವನ್ನು, ಧರಿಸುವುದೂ ಅಲ್ಲಿತ್ತು. 1860ರಲ್ಲಿ ಫ್ರಾನ್ಸಿಗೆ ಸೇರಿದ ಸವಾಯ್ ಗುಡ್ಡಗಾಡಿನಲ್ಲಿ ಒಂದೊಂದು ಕಣಿವೆಗೂ ಒಂದೊಂದು ಮಾದರಿ. ಒಂದು ಮುಖದಲ್ಲಿ ಕ್ರಿಸ್ತ, ಇನ್ನೊಂದರಲ್ಲಿ ಮಾತೆ ಮರಿಯ. ಕೊರಳು ನೋಡಿ ಊರು ಹೇಳಬಹುದಿತ್ತು.

1793-94ರ ಕ್ರಾಂತಿಯ ಬಿಸಿಯಲ್ಲಿ ಚರ್ಚುಗಳೇ ಮುಚ್ಚಿದವು, ಗಂಟೆಗಳು ಕುಲುಮೆಗೆ ಹೋದವು. 1801ರಲ್ಲಿ ನೆಪೋಲಿಯನ್ ಪೋಪರೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಶಿಲುಬೆ ಮತ್ತೆ ನಿರ್ಭಯವಾಗಿ ಕಾಣಿಸಿಕೊಂಡಿತು. ಕ್ರಾಂತಿ ಬಿಟ್ಟುಹೋದ ಒಂದು ಉಪಕಾರವೂ ಉಂಟು. 1797ರ ಕಾನೂನು ಚಿನ್ನದ ಶುದ್ಧತೆಗೆ ಸರ್ಕಾರವನ್ನೇ ಹೊಣೆಯಾಗಿಸಿತು. 1838ರಿಂದ 18 ಕ್ಯಾರಟ್ ಚಿನ್ನದ ಮೇಲೆ ಹದ್ದಿನ ತಲೆಯ ಮುದ್ರೆ ಬೀಳತೊಡಗಿತು. ಶಿಲುಬೆಯ ಕೊಂಡಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾದಷ್ಟು ಚಿಕ್ಕದಾದ ಈ ಹದ್ದು, ಅಕ್ಷರ ಬಾರದ ಕೆಲಸದಾಕೆಗೂ ಮೋಸವಾಗದಂತೆ ಕಾವಲಿತ್ತು.

ಫ್ಲೋಬೇರ್ 1857ರಲ್ಲಿ ಪುಸ್ತಕವಾಗಿ ತಂದ ‘ಮದಾಮ್ ಬೊವಾರಿ’ ಕಾದಂಬರಿಯ ಕೃಷಿ ಮೇಳದಲ್ಲೂ ನಾರ್ಮಂಡಿಯ ಚಿನ್ನದ ಶಿಲುಬೆಗಳು ಮಿನುಗುತ್ತವೆ. ಅದೇ ಮೇಳದಲ್ಲಿ, ಒಂದೇ ಯಜಮಾನಿಕೆಯಲ್ಲಿ 54 ವರ್ಷ ದುಡಿದ ಮುದುಕಿಗೆ ಸಿಗುವ ಬಹುಮಾನ 25 ಫ್ರಾಂಕಿನ ಬೆಳ್ಳಿ ಪದಕ!

ರೈಲು ಬಂತು, ಅದರೊಡನೆ ಪ್ಯಾರಿಸ್ಸಿನ ಫ್ಯಾಷನ್ನೂ ಬಂತು. 19ನೇ ಶತಮಾನದ ಕೊನೆಗೆ ಪ್ರಾದೇಶಿಕ ಉಡುಗೆ ಪೆಟ್ಟಿಗೆ ಸೇರಿತು. ಪ್ರೊವೆನ್ಸಿನ ಕವಿ ಮಿಸ್ತ್ರಾಲ್ 1899ರಲ್ಲಿ ಆರ್ಲ್ ನಗರದಲ್ಲಿ ಜನಜೀವನದ ಮ್ಯೂಸಿಯಂ ತೆರೆದು, 1904ರಲ್ಲಿ ಬಂದ ನೊಬೆಲ್ ಹಣವನ್ನೂ ಅದಕ್ಕೇ ಸುರಿದ. ಆ ಸೀಮೆಯ ಉಡುಗೆ ತೊಡುಗೆ ಅಲ್ಲಿ ಉಳಿದಿದೆ. ಎಲ್ಲ ಊರಿಗೂ ಮಿಸ್ತ್ರಾಲ್ ಸಿಗಲಿಲ್ಲ. 1944ರ ಜೂನ್ 6ರಂದು ಮಿತ್ರಪಡೆಗಳ ಬಾಂಬು ಬಿದ್ದಾಗ ಸೇಂಟ್ ಲೋ ಪಟ್ಟಣದೊಂದಿಗೆ ಜಿಲ್ಲೆಯ ಪತ್ರಾಗಾರವೂ ಸುಟ್ಟುಹೋಯಿತು. ಆ ಪಟ್ಟಣದ ಹೆಸರು ಹೊತ್ತ ಶಿಲುಬೆಗಳು ಇಂದಿಗೂ ಹರಾಜಿಗೆ ಬರುತ್ತವೆ. ತೊಟ್ಟವಳು ಯಾರೆಂದು ಪಟ್ಟಿಯಲ್ಲಿ ಬರೆದಿರುವುದು ಅಪರೂಪ.